ಮಾತು ಬಿಟ್ಟ ಕಂಪ್ಯೂಟರ್

ಕೊಪ್ಪದ ಸಹಕಾರ ಸಂಘವೊಂದರಲ್ಲಿ ಅರ್ಜಿ ಟೈಪು ಮಾಡುವ ನಾರಾಯಣರಿಗೆ ಕಣ್ಣು ಕಾಣುವುದಿಲ್ಲ. ಮೂರು ವರ್ಷದವರಿದ್ದಾಗ ಬಂದ ಜ್ವರದಲ್ಲಿ ದೃಷ್ಟಿ ಹೋಯಿತು. ಬಣ್ಣವೆಂದರೆ ಏನು ಎಂಬುದೂ ಅವರಿಗೆ ನೆನಪಿಲ್ಲ. ಹದಿನಾರು ವರ್ಷಗಳಿಂದ ಬಾಳಗಡಿಯಿಂದ ಕೋಲು ಕುಟ್ಟಿಕೊಂಡು ನಡೆದೇ ಕೆಲಸಕ್ಕೆ ಬರುತ್ತಾರೆ. ಅವರ ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಒಂದು ಸಾಫ್ಟ್‌ವೇರ್ ಇದೆ. ಒತ್ತಿದ ಅಕ್ಷರವನ್ನೆಲ್ಲ ಅದು ನೆಗಡಿಯಾದವರ ಧ್ವನಿಯಲ್ಲಿ ಉಚ್ಚರಿಸುತ್ತದೆ. ಹೊಸಬರು ಅದನ್ನು ಕೇಳಿ ನಗುತ್ತಾರೆ, ನಗಲಿ. ನಾರಾಯಣರಿಗೆ ಅದೇ ಅನ್ನ, ಅದೇ ಮರ್ಯಾದೆ. ‘ನಾರಾಯಣಣ್ಣ ಬರೆದ ಅರ್ಜಿ ವಾಪಸ್ ಬರಲ್ಲ’ ಎಂದು ಜನ ಅವರ ಟೇಬಲನ್ನೇ ಹುಡುಕಿಕೊಂಡು ಬರುತ್ತಿದ್ದರು.

ಎನ್.ಆರ್. ಪುರದ ಮುಖ್ಯ ಕಚೇರಿಯವರು ಎಲ್ಲ ಶಾಖೆಗಳ ಕಂಪ್ಯೂಟರುಗಳನ್ನೂ ತಮ್ಮ ಹಿಡಿತಕ್ಕೆ ತೆಗೆದುಕೊಂಡ ಮೇಲೆ ಗ್ರಹಚಾರ ಶುರುವಾಯಿತು. ಅಪ್‌ಡೇಟ್ ಯಾರನ್ನೂ ಕೇಳದೆ ಬರತೊಡಗಿತು. ಬಂದಾಗಲೆಲ್ಲ ಓದುವ ಸಾಫ್ಟ್‌ವೇರಿನ ಗಂಟಲು ಕಟ್ಟುತ್ತಿತ್ತು. ನಾರಾಯಣರು ಸುಮ್ಮನೆ ಕೂರುವವರಲ್ಲ. ಹೇಗೋ ಧ್ವನಿ ಮರಳಿ ತರಿಸಿಕೊಂಡು, ಕೀಲಿಗಳನ್ನು ಒತ್ತುತ್ತ ಒತ್ತುತ್ತ ಅಪ್‌ಡೇಟ್ ನಿಲ್ಲಿಸುವ ಸೆಟ್ಟಿಂಗಿನವರೆಗೆ ಹೋದರು. ಅಲ್ಲಿ ಆ ನೆಗಡಿ ಧ್ವನಿ ‘ಅನ್‌ಅವೈಲಬಲ್’ ಎಂದಿತು. ಬೇರೆ ದಾರಿಯಲ್ಲಿ ಹೋದರೂ ಅದೇ ಮಾತು. ಒಂದು ಸಲ ಅಪ್‌ಡೇಟ್ ನಡೆಸುವ ಒಳಗಿನ ಯಾವುದೋ ಸರ್ವೀಸನ್ನೇ ನಿಲ್ಲಿಸಿ ಗೆದ್ದೆನೆಂದುಕೊಂಡರು. ಮರುದಿನ ಅದು ತಾನಾಗಿ ಎದ್ದು ಕೂತಿತ್ತು. ಇಂಟರ್‌ನೆಟ್ಟಿನ ವೈರು ಕಿತ್ತರೆ ಸಂಘದ ಲೆಕ್ಕದ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮುಸವ್ವಿರ್ ಬಂದು ನೋಡಿದ.

“ಇದು ಗ್ರೇ ಆಗಿ ಕೂತಿದೆ ಸಾರ್.”

“ಗ್ರೇ ಅಂದ್ರೆ ಎಂತ ಮಾರಾಯ?”

“ಬೂದಿ ಬಣ್ಣ. ಅಂದ್ರೆ, ಕಾಣ್ತದೆ, ಆದ್ರೆ ಒತ್ತಿದ್ರೆ ಒತ್ತಿಸ್ಕೊಳ್ಳಲ್ಲ. ಮೇನ್ ಆಫೀಸಿಂದ ಲಾಕ್ ಹಾಕಿದಾರೆ. ಅವ್ರೇ ತೆಗೀಬೇಕು.”

ಮುಖ್ಯ ಕಚೇರಿಗೆ ನಾರಾಯಣರು ಒಂಬತ್ತು ಸಲ ಫೋನು ಮಾಡಿದರು. ಒಬ್ಬರಿಗಾಗಿ ಬದಲಾಯಿಸಲು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಬದಲಾಯಿಸಿದ್ದರೆ ಅವರ ಅಪ್ಪನ ಮನೆ ಗಂಟೇನೂ ಹೋಗುತ್ತಿರಲಿಲ್ಲ.

ಮ್ಯಾನೇಜರ್ ಸುಂದರೇಶ್ ಕೆಟ್ಟವರಲ್ಲ. “ಎಂತಕ್ಕೆ ಒದ್ದಾಡ್ತೀರಿ ಮಾರಾಯ್ರೆ? ಬಾಗಿಲ ಹತ್ರ ಒಂದು ಕುರ್ಚಿ ಹಾಕಿಸ್ತೀನಿ. ಬಂದವ್ರಿಗೆ ಯಾವ ಟೇಬಲ್ಲಿಗೆ ಹೋಗ್ಬೇಕು ಅಂತ ಹೇಳಿದ್ರೆ ಸಾಕು. ಸಂಬಳಕ್ಕೆ ತೊಂದ್ರೆ ಇಲ್ಲ” ಎಂದರು. ಕೆಲಸವಿಲ್ಲದೆ ಕೂತು ಉಣ್ಣುವ ಮಾತು ಕೇಳಿ ನಾರಾಯಣರಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. “ಇನ್ನೊಂದು ವಾರ ನೋಡೋಣ ಸಾರ್” ಎಂದರು.

ಆ ವಾರದ ಶುಕ್ರವಾರ ಊಟ ಮುಗಿಸಿ ಬಂದು ಕೂತಾಗ ಧ್ವನಿ ಇರಲಿಲ್ಲ. ಹಿಂದೆಯೂ ಎರಡು ಸಲ ಹೀಗೆ ಧ್ವನಿ ಮಾತ್ರ ಕೈಕೊಟ್ಟು, ಟೈಪು ಮಾಡಿದ್ದು ಸರಿಯಾಗಿಯೇ ಬಂದಿತ್ತು. ಅಷ್ಟರಲ್ಲಿ ಬಸರೀಕಟ್ಟೆಯಿಂದ ಅಮೀರ್ ಬೀ ಬಂದರು. ಸಂಘದ ಕಟ್ಟಡದಲ್ಲಿ ಅವರ ಗಂಡ ನಿಜಾಮುದ್ದೀನ್ ಅಂಗಡಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ತಿಂಗಳಾಗಿತ್ತು. ಅಂಗಡಿಯನ್ನು ಮಗಳ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ ನಾಲ್ಕು ಗಂಟೆಯ ಆಡಳಿತ ಮಂಡಳಿ ಸಭೆಗೆ ಹೋಗಬೇಕು. ತಪ್ಪಿದರೆ ಅಂಗಡಿ ಬೇರೆಯವರ ಪಾಲು.

“ಪಕ್ಕದ ಟೇಬಲ್ಲಿನ ಅರ್ಪಣಾ ಮೇಡಂ ಹತ್ರ ಬರೆಸಿ ಅಂದ್ರು. ನಾನು ಒಪ್ಲಿಲ್ಲ, ನಾರಾಯಣಣ್ಣನೇ ಬರೀಬೇಕು ಅಂದೆ” ಎಂದರು ಆಕೆ.

ಆ ಒಂದು ಮಾತಿಗೆ ನಾರಾಯಣರು ಉಬ್ಬಿಹೋದರು. ಧ್ವನಿಯಿಲ್ಲದಿದ್ದರೇನು, ಬೆರಳಿಗೆ ಹದಿನಾರು ವರ್ಷದ ಅಭ್ಯಾಸವಿದೆ. ಟೈಪು ಮಾಡತೊಡಗಿದರು. ಆದರೂ ಅರ್ಧಕ್ಕೆ ಬಂದಾಗ ಮನಸ್ಸು ತಡೆಯಲಿಲ್ಲ. ಎಂದೂ ಯಾರನ್ನೂ ಕೇಳದವರು ತಗ್ಗಿದ ದನಿಯಲ್ಲಿ ಕೇಳಿದರು.

“ಅಮ್ಮಾ, ಎದುರಿಗೆ ಅಕ್ಷರ ಕಾಣ್ತದಾ?”

ಅಮೀರ್ ಬೀಗೆ ಓದಲು ಬಾರದು. ಆದರೆ ಕಣ್ಣು ಚುರುಕು. “ಕಾಣ್ತದೆ ಅಣ್ಣಾ. ಬಿಳೀ ಅಕ್ಷರ. ಮೇಲೆ ಚಿಕ್ಕ ಚಿಕ್ಕ ಚುಕ್ಕಿ ಸುತ್ತುತ್ತಾ ಉಂಟು.”

ನಾರಾಯಣರಿಗೆ ಸಮಾಧಾನವಾಯಿತು. ಹಾಳೆಯ ಮೇಲೆ ಅಕ್ಷರ ಕಪ್ಪಾಗಿರಬೇಕು ಎಂದು ಅವರಿಗೆ ಯಾರು ಹೇಳಿದ್ದರು? ಅವರು ಉತ್ಸಾಹದಿಂದ ಟೈಪು ಮಾಡಿದರು. ತೀರಿಹೋದವರ ಒಳ್ಳೆಯತನದ ಬಗ್ಗೆ ಎರಡು ಸಾಲು ಹೆಚ್ಚಿಗೆ ಸೇರಿಸಿದರು. ಅಮೀರ್ ಬೀಗೆ ಅದನ್ನು ಬಾಯಲ್ಲಿ ಹೇಳಿದಾಗ ಆಕೆ ಬಿಕ್ಕಿದರು. ಮುಕ್ಕಾಲು ಗಂಟೆಯ ನಂತರ ಪ್ರಿಂಟ್ ಕೊಟ್ಟರು. ಪ್ರಿಂಟರ್ ಸದ್ದು ಮಾಡಲಿಲ್ಲ. ಮತ್ತೆ ಕೊಟ್ಟರು, ಇಲ್ಲ.

ಅರ್ಪಣಾ ಪಕ್ಕದ ಟೇಬಲಿನಿಂದ ಎದ್ದು ಬಂದಳು. ಪರದೆಯತ್ತ ಬಾಗಿ ನೋಡಿದಳು.

“ಸಾರ್... ಇದು ಅಪ್‌ಡೇಟ್ ಆಗ್ತಾ ಇದೆ. ನಲವತ್ತು ಪರ್ಸೆಂಟ್ ಅಂತಿದೆ. ಆಫ್ ಮಾಡ್ಬೇಡಿ ಅಂತ ಬರೆದಿದೆ.”

“ನಾನು ಬರೆದದ್ದು?”

“ಏನೂ ಇಲ್ಲ ಸಾರ್.”

ಗಂಟೆ ನಾಲ್ಕಾಗಲು ಹತ್ತೇ ನಿಮಿಷವಿತ್ತು. ಅರ್ಪಣಾ ಒಂದು ಬಿಳಿ ಹಾಳೆ ಎಳೆದುಕೊಂಡು ಪೆನ್ನಿನಲ್ಲಿ ಬರೆದಳು. ಐದಾರು ಸಾಲು, ಅಷ್ಟೇ. ಅಮೀರ್ ಬೀಯ ಹೆಬ್ಬೆಟ್ಟು ಒತ್ತಿಸಿಕೊಂಡು ಸಭೆಗೆ ಓಡಿದಳು. ಅರ್ಜಿ ಒಳಗೆ ಹೋಯಿತು, ಒಪ್ಪಿಗೆಯೂ ಆಯಿತು. “ಇರ್ಲಿ ಬಿಡಿ ನಾರಾಯಣಣ್ಣ, ಕೆಲ್ಸ ಆಯ್ತಲ್ಲ” ಎಂದು ಹೇಳಿ ಅಮೀರ್ ಬೀ ಬಸ್ಸಿಗೆ ಹೊರಟರು.

ಕೆಲಸ ಆಯಿತು, ನಿಜ. ಅವರಿಲ್ಲದೆಯೇ ಆಯಿತು. ನಾರಾಯಣರಿಗೆ ನಾಚಿಕೆಯಿಂದ ಸತ್ತುಹೋಗುವಷ್ಟಾಯಿತು. ಅಮೀರ್ ಬೀ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವರು ಕೀಲಿಮಣೆಯನ್ನು ಒಳಗೆ ತಳ್ಳಿ, ಗೋಡೆ ಹಿಡಿದುಕೊಂಡು ಮ್ಯಾನೇಜರರ ಕೋಣೆಗೆ ಹೋದರು.

“ಸಾರ್, ಆ ಬಾಗಿಲ ಹತ್ರದ ಕುರ್ಚಿ ಹಾಕಿಸಿ.”

ಸುಂದರೇಶ್ ದೊಡ್ಡದಾಗಿ ಉಸಿರು ಬಿಟ್ಟರು. “ಹೌದಾ? ಒಳ್ಳೇದಾಯ್ತು ಮಾರಾಯ್ರೆ, ಬಹಳ ಒಳ್ಳೇದಾಯ್ತು” ಎಂದರು. ಕಿವಿಯಿಂದಲೇ ಬದುಕಿದ ಮನುಷ್ಯ ನಾರಾಯಣ. ಮ್ಯಾನೇಜರ್ ಎಷ್ಟು ದಿನದಿಂದ ಇದನ್ನೇ ಕಾಯುತ್ತಿದ್ದರು ಎಂಬುದು ಅವರಿಗೆ ಆ ದನಿಯಲ್ಲಿ ಪೂರ್ತಿ ಕೇಳಿಸಿತು.