ರಸ್ತೆಯಾಚೆಯ ವೋಟು

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಆ ಬೀದಿಯಲ್ಲಿ ಕಸದ ಡಬ್ಬಿಗಳು ಹೊರಗೆ ಬರುವ ಕ್ರಮ ನೋಡಿದರೆ ಸಾಕು, ಯಾರಿಗೆ ಯಾರ ಜೊತೆ ಮಾತಿಲ್ಲ ಎಂದು ತಿಳಿಯುತ್ತಿತ್ತು. ಬುಧವಾರ ಸಂಜೆ ಅನಂತಪದ್ಮನಾಭ ಅವರು ತಮ್ಮ ಡಬ್ಬಿಯನ್ನು ತಳ್ಳುವ ಮೊದಲು ಅಡುಗೆಮನೆಯ ಕಿಟಕಿಯಿಂದ ಎದುರು ಸಾಲಿನ ಮೂಲೆಮನೆಯತ್ತ ಒಮ್ಮೆ ಇಣುಕುತ್ತಿದ್ದರು. ಅಲ್ಲಿ ಯೋಗಾನಂದರ ಡಬ್ಬಿ ಗಡಗಡ ಉರುಳುತ್ತಿದ್ದರೆ ಇವರದು ಅರ್ಧ ಗಂಟೆ ತಡ. ಒಂಬತ್ತು ವರ್ಷಗಳಿಂದ ಆ ಇಬ್ಬರು ಡಬ್ಬಿ ತಳ್ಳುತ್ತಾ ಎದುರುಬದುರಾದದ್ದಿಲ್ಲ.

ಅನಂತಪದ್ಮನಾಭ ಎಂಬ ಪೂರ್ತಿ ಹೆಸರು ಪಾಸ್‌ಪೋರ್ಟಿಗೆ ಮಾತ್ರ. ಬೀದಿಗೆಲ್ಲ ಅವರು ಪದ್ದಣ್ಣ. ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುತ್ತಾ ನಿವೃತ್ತರಾದವರು. ಆದರೆ ಅದು ಹೊಟ್ಟೆಪಾಡು, ಪ್ರಾಣವೆಲ್ಲ ಚುನಾವಣೆಯಲ್ಲಿ. ಬಸವನಗುಡಿಯಲ್ಲಿ ಹುಡುಗನಾಗಿದ್ದಾಗ ಮೈದಾಹಿಟ್ಟಿನ ಅಂಟು ಕಲಸಿ ಪೋಸ್ಟರ್ ಹಚ್ಚಿದ ಕೈ, ಇಲ್ಲಿಗೆ ಬಂದರೂ ಸುಮ್ಮನಿರಲಿಲ್ಲ. ನೀರಿನ ಮಂಡಳಿಯ ಚುನಾವಣೆಗೂ ಅವರು ಹೊಸ ಶರ್ಟು ಹಾಕಿಕೊಂಡು ಹೋಗಿ ವೋಟು ಹಾಕುತ್ತಿದ್ದರು. ಬಾಗಿಲ ಬಳಿ ಬಿಟ್ಟ ಚಪ್ಪಲಿ ನೋಡಿಯೇ ಈ ಮನೆಯಲ್ಲಿ ಎಷ್ಟು ವೋಟು, ಅದರಲ್ಲಿ ಎಷ್ಟು ನಮ್ಮವು ಎಂದು ಹೇಳಬಲ್ಲೆ ಎನ್ನುವುದು ಅವರ ಜಂಬ.

ಇಂಥವರು ಜೀವನದಲ್ಲಿ ಒಂದೇ ಒಂದು ಸಲ ಚುನಾವಣೆಗೆ ನಿಂತದ್ದು, ಕನ್ನಡ ಕೂಟದ ಅಧ್ಯಕ್ಷ ಸ್ಥಾನಕ್ಕೆ. ಎದುರಾಳಿ ಯೋಗಾನಂದ. ಪದ್ದಣ್ಣ ತಮ್ಮ ಕಡೆಯವರ ತಲೆ ಎಣಿಸಿ, ಗೆದ್ದ ಮೇಲೆ ಮಾಡಬೇಕಾದ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಸೋತರು. ಅದೂ ಒಂದೇ ವೋಟಿನಿಂದ. ಅಂದು ರಾತ್ರಿ ಹೆಂಡತಿ ಜಲಜಮ್ಮ, ನೊಂದ ಜೀವಕ್ಕೆ ತಂಪಾಗಲಿ ಎಂಬಂತೆ, ತುಪ್ಪ ಸುರಿದು ಒಬ್ಬಟ್ಟು ಬಡಿಸಿದ್ದರು. ಪದ್ದಣ್ಣ ಕಣ್ಣೊರೆಸಿಕೊಂಡೇ ಐದು ತಿಂದಿದ್ದರು.

"ಆ ಒಂದು ವೋಟು ಅವನದೇ ಕಣೇ! ತನಗೆ ತಾನೇ ಹಾಕ್ಕೊಂಡು ಗೆದ್ದಿದಾನೆ. ನಾಚಿಕೆ ಬೇಡ್ವಾ?"

"ನೀವು ಯಾರಿಗೆ ಹಾಕಿದ್ರಿ?" ಎಂದು ಜಲಜಮ್ಮ ಕೇಳಿದ್ದರು.

"ನನಗೆ. ಅದು ಬೇರೆ ವಿಷಯ."

ಅಂದಿನಿಂದ ಯೋಗಾನಂದರ ಜೊತೆ ಮಾತು ನಿಂತಿತು. ಅವರು ಎದುರಿಗೆ ಬಂದರೆ ಪದ್ದಣ್ಣನಿಗೆ ತಟ್ಟನೆ ಶೂ ಲೇಸು ಕಟ್ಟಿಕೊಳ್ಳುವ ಕೆಲಸ ನೆನಪಾಗುತ್ತಿತ್ತು, ಕಾಲಲ್ಲಿ ಚಪ್ಪಲಿ ಇದ್ದಾಗಲೂ.

ಹೀಗಿರುವಾಗ ಎದುರು ಮನೆಯ ಜಿಕ್ರಾ ರಾಜ್ಯದ ಮೇಲ್ಮನೆಗೆ, ಸ್ಟೇಟ್ ಸೆನೆಟ್ಟಿಗೆ ನಿಂತಳು. ಅಪ್ಪ ಮುನಾವರ್ ಹುಬ್ಬಳ್ಳಿಯವರು, ಫ್ರೀವೇ ಪಕ್ಕದ ಮಾಲ್‌ನಲ್ಲಿ ಗ್ರೋಸರಿ ಅಂಗಡಿ ಇಟ್ಟವರು. ಪದ್ದಣ್ಣನ ಮನೆಯ ಎದುರಿಗೇ ಅವರ ಮನೆ. ಜಿಕ್ರಾ ಎಂಟು ವರ್ಷದವಳಿದ್ದಾಗ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ, ಐಸ್‌ಕ್ರೀಮ್ ಗಾಡಿ ನಮ್ಮ ಬೀದಿಗೂ ಬರಬೇಕು ಎಂದು ಭಾಷಣ ಮಾಡಿದ್ದಳು. ಅದನ್ನು ಕೇಳಿ ರೋಮಾಂಚನಗೊಂಡ ಪದ್ದಣ್ಣ, "ಮಗಳೇ, ನೀನು ಎಲೆಕ್ಷನ್‌ಗೆ ನಿಂತ ದಿನ ನನ್ನ ವೋಟು ನಿನಗೇ. ಇದು ಬಸವಣ್ಣನ ಗುಡಿ ಮುಂದೆ ನಿಂತು ಹೇಳಿದ ಹಾಗೆ" ಎಂದು ಮಾತು ಕೊಟ್ಟಿದ್ದರು. ಈಗ ಆ ಹುಡುಗಿ ವಕೀಲೆ. ಹಳೆಯ ಸೆನೆಟರು ಕಾನೂನು ಕೊಟ್ಟ ಹನ್ನೆರಡು ವರ್ಷ ಪೂರೈಸಿ ಮನೆಗೆ ಹೊರಟಿದ್ದರಿಂದ ಜಾಗ ಖಾಲಿಯಾಗಿತ್ತು. ಜೂನಿನ ಮೊದಲ ಸುತ್ತು ನಡೆದಾಗ ಪದ್ದಣ್ಣ ದಂಪತಿಗಳು ತಂಗಿಯ ಮಗನ ಮದುವೆಗೆಂದು ಮೈಸೂರಿನಲ್ಲಿದ್ದರು. ಅವರು ವಾಪಸು ಬರುವಷ್ಟರಲ್ಲಿ ಜಿಕ್ರಾ ನವೆಂಬರಿನ ಕೊನೆಯ ಕಣಕ್ಕೆ ಉಳಿದ ಇಬ್ಬರಲ್ಲಿ ಒಬ್ಬಳಾಗಿದ್ದಳು.

"ಅಂಕಲ್, ನೆನಪಿದೆಯಾ? ಯೂ ಪ್ರಾಮಿಸ್ಡ್" ಎಂದಳು.

ನೆನಪಿಲ್ಲದೆ ಏನು! ಪದ್ದಣ್ಣ ಮಾರನೆಯ ದಿನವೇ ಕೊಬ್ಬರಿ ಮಿಠಾಯಿಯ ಡಬ್ಬಿಯೊಂದಿಗೆ ಪ್ರಚಾರಕ್ಕೆ ಹೊರಟರು. ಜಿಕ್ರಾ ಓಡಿಬಂದು ಡಬ್ಬಿ ಕಿತ್ತುಕೊಂಡಳು. ಇಲ್ಲಿ ವೋಟಿಗಾಗಿ ಒಂದು ಚೂರು ಮಿಠಾಯಿ ಕೊಟ್ಟರೂ ಅಪರಾಧ. ಬರಿಗೈಯಲ್ಲಿ ಇನ್ನೊಬ್ಬರ ಮನೆ ಮೆಟ್ಟಿಲು ಹತ್ತುವುದು ಯಾವ ಸೀಮೆಯ ಮರ್ಯಾದೆ ಎಂದು ಗೊಣಗುತ್ತಲೇ ಪದ್ದಣ್ಣ ಒಪ್ಪಿದರು. ಆಮೇಲೆ ಅವರ ಫೋನಿಗೆ ಪ್ರಚಾರದ ಆಪ್ ಹಾಕಿಕೊಟ್ಟಳು. ಅದರಲ್ಲಿ ಬೀದಿಯ ನಕ್ಷೆ, ಹೋಗಬೇಕಾದ ಮನೆಗಳ ಮೇಲೆ ನೀಲಿ ಚುಕ್ಕೆ.

ಪದ್ದಣ್ಣ ಕನ್ನಡಕ ಏರಿಸಿ ನೋಡಿದರು. ಚುಕ್ಕೆಗಳೆಲ್ಲ ಮುನಾವರ್ ಸಾಲಿನಲ್ಲೇ ಇದ್ದವು. ತಮ್ಮ ಸಾಲಿನಲ್ಲಿ ಒಂದೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ, ಯಾಕೆ ಹೀಗೆ ಎಂದು ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಬೆಳೆದವರಿಗೆ ಕೇಳುವ ಅಗತ್ಯವೇನು? ಅಲ್ಲಿ ಸತ್ತ ಅಜ್ಜನ ಹೆಸರು ಮತದಾರರ ಪಟ್ಟಿಯಲ್ಲಿ ಭದ್ರವಾಗಿರುತ್ತದೆ, ಬದುಕಿರುವ ಮೊಮ್ಮಗನದು ಹಾರಿಹೋಗಿರುತ್ತದೆ.

"ನೋಡಿದ್ಯಾ ಜಲಜಾ, ನಮ್ಮ ಸಾಲಿನವರ ಹೆಸರನ್ನೇ ಎತ್ತಿಬಿಟ್ಟಿದಾರೆ! ಪಾಪ, ಹುಡುಗಿಗೆ ಅನುಭವ ಸಾಲದು. ನಾನಿದೀನಲ್ಲ."

ಅಂದಿನಿಂದ ಪದ್ದಣ್ಣ ಚುಕ್ಕೆ ಇಲ್ಲದ ಮನೆಗಳನ್ನೇ ಹಿಡಿದರು. ತಮ್ಮ ಸಾಲಿನ ತುದಿಯಿಂದ ತುದಿಗೆ, ಅದರ ಹಿಂದಿನ ಬೀದಿ, ಅದರ ಹಿಂದಿನದು. ಚೆನ್ ದಂಪತಿಗಳ ತೋಟದಲ್ಲಿ ನಿಂತು ಪರ್ಸಿಮನ್ ಹಣ್ಣು ಕೊಯ್ದುಕೊಟ್ಟು ಒಪ್ಪಿಸಿದರು. ಯಾರಿಗೂ ವೋಟು ಹಾಕುವುದಿಲ್ಲ ಎಂದು ಹಟ ಹಿಡಿದಿದ್ದ ಕೆಂಪರಾಜುವನ್ನು, ಅವನ ಕಾರು ಕೆಟ್ಟ ದಿನ ಆಫೀಸಿಗೆ ಬಿಟ್ಟು ಬರುತ್ತಾ ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಸಿಕೊಂಡು ಒಪ್ಪಿಸಿದರು. ಎದುರು ಸಾಲಿಗೆ ಕಾಲಿಡಲಿಲ್ಲ. ಅದು ಹೇಗೂ ಹುಡುಗಿಯ ಸ್ವಂತ ಸಾಲು, ನಮ್ಮದೇ ಎಂದು ಹೊರಗೆ ಹೇಳುತ್ತಿದ್ದರು. ಮೂಲೆಯಲ್ಲಿ ಯೋಗಾನಂದರ ಮನೆ ಇದೆ ಎಂಬುದು ಒಳಗಿನ ಕಾರಣ.

ಅಕ್ಟೋಬರಿನಲ್ಲಿ ಮನೆಮನೆಗೆ ಟಪಾಲಿನಲ್ಲಿ ಮತಪತ್ರ ಬಂತು. ಪದ್ದಣ್ಣ ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಕಪ್ಪು ಪೆನ್ನು ಹಿಡಿದು ಊಟದ ಮೇಜಿಗೆ ಕುಳಿತರು. ಗವರ್ನರ್ ಇತ್ತು, ಅಸೆಂಬ್ಲಿ ಇತ್ತು, ಶಾಲಾ ಮಂಡಳಿ ಇತ್ತು. ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು, ಬೆಳಕಿಗೆ ಹಿಡಿದು ನೋಡಿದರು. ಸ್ಟೇಟ್ ಸೆನೆಟ್ ಎಂಬ ಶೀರ್ಷಿಕೆಯೇ ಇರಲಿಲ್ಲ. ಅಷ್ಟರಲ್ಲಿ ಕೆಂಪರಾಜುವಿನ ಫೋನು. "ಏನ್ ಪದ್ದಣ್ಣ, ಮೂರು ತಿಂಗಳು ತಲೆ ತಿಂದ್ರಿ. ಆ ಹುಡುಗಿ ಹೆಸರೇ ಇಲ್ವಲ್ಲ ಇದ್ರಲ್ಲಿ!" ಬಾಗಿಲು ತೆರೆದರೆ ಚೆನ್ ದಂಪತಿಗಳು ಮತಪತ್ರ ಹಿಡಿದುಕೊಂಡೇ ನಿಂತಿದ್ದರು.

ಪದ್ದಣ್ಣ ಮತಪತ್ರವನ್ನು ಎದೆಗವಚಿಕೊಂಡು ರಸ್ತೆ ದಾಟಿ ಓಡಿದರು. ಮುನಾವರ್ ಮನೆಯಲ್ಲಿ ಜಿಕ್ರಾ ಅದನ್ನು ನೋಡಿ, ವಿಳಾಸ ನೋಡಿ, ತಲೆ ಮೇಲೆ ಕೈಯಿಟ್ಟುಕೊಂಡಳು. ಸೆನೆಟ್ ಕ್ಷೇತ್ರದ ಗಡಿ ಸರಿಯಾಗಿ ಬೀದಿಯ ನಡುವೆ ಹಾದುಹೋಗಿತ್ತು. ಊರೂರು ತಿರುಗುವ ಗಡಿಬಿಡಿಯಲ್ಲಿ ಸ್ವಂತ ಮನೆಯೆದುರಿನ ಗೆರೆಯನ್ನೇ ಅವಳು ಗಮನಿಸಿರಲಿಲ್ಲ. ಈ ಸಾಲು ಸಮಸಂಖ್ಯೆಯ ಕ್ಷೇತ್ರ, ಪದ್ದಣ್ಣನ ಸಾಲು ಬೆಸಸಂಖ್ಯೆಯದು. ಸಮ ಕ್ಷೇತ್ರಗಳಿಗೆ ಈ ವರ್ಷ ಚುನಾವಣೆ, ಬೆಸ ಕ್ಷೇತ್ರಗಳಿಗೆ ಇನ್ನೆರಡು ವರ್ಷ ಬಿಟ್ಟು.

"ಅಂದ್ರೆ ನಾನು ತಿರುಗಿದ ಮನೆಗಳೆಲ್ಲ..."

"ನಾಟ್ ಇನ್ ಮೈ ಡಿಸ್ಟ್ರಿಕ್ಟ್, ಅಂಕಲ್. ಒಂದು ಕೂಡಾ ಇಲ್ಲ."

ಪದ್ದಣ್ಣ ಸೋಫಾದ ಮೇಲೆ ಕುಸಿದರು. ನಗುವ ವಿಷಯವೇ, ಆದರೆ ಅವರ ಮುಖ ನೋಡಿ ಯಾರಿಗೂ ನಗು ಬರಲಿಲ್ಲ. ಓಡಾಡಿದ್ದು ವ್ಯರ್ಥವಾದದ್ದಕ್ಕಿಂತ ಎಂಟು ವರ್ಷದ ಮಗುವಿಗೆ ಕೊಟ್ಟ ಮಾತು ಸುಳ್ಳಾಯಿತಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು.

"ಸಾಹೇಬ್ರೇ, ನಿಮ್ಮ ಹಿಂದಿನ ರೂಮು ಖಾಲಿ ಇದೆಯಲ್ಲ. ಇವತ್ತೇ ಹಾಸಿಗೆ ತಂದುಬಿಡ್ತೀನಿ. ಆಗ ನಾನೂ ಈ ಕ್ಷೇತ್ರದವನೇ ತಾನೇ?"

"ಬರ್ರಿ ಪದ್ದಣ್ಣಾ! ರೂಮ್ ಯಾಕ, ಪೂರಾ ಮನೀನ ನಿಮ್ದ ಐತಿ" ಎಂದರು ಮುನಾವರ್.

ಹಿಂದೆಯೇ ಬಂದಿದ್ದ ಜಲಜಮ್ಮ, "ಹೋಗೋರು ಹೋಗ್ಲಿ. ಕುಕ್ಕರ್ ಮಾತ್ರ ಕಳಿಸೋಲ್ಲ" ಎಂದರು.

ಜಿಕ್ರಾ ವಕೀಲೆಯ ದನಿ ತೆಗೆದಳು. ಇಲ್ಲೇ ನೆಲೆಸುತ್ತೇನೆ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು, ವೋಟು ಹಾಕಿ ಮರುದಿನ ಹಾಸಿಗೆ ಸುತ್ತಿಕೊಂಡು ಹೋದರೆ ಅದು ಮೋಸ. ತನ್ನ ಮೊದಲ ಚುನಾವಣೆಯಲ್ಲೇ ಪದ್ದು ಅಂಕಲ್ ಜೈಲಿಗೆ ಹೋದರು ಎಂದು ಪೇಪರಿನಲ್ಲಿ ಬರುವುದು ತನಗೆ ಬೇಡ ಎಂದಳು. ಆಮೇಲೆ ಅವರ ಪಕ್ಕ ಕುಳಿತು, "ಅಂಕಲ್, ರಿಯಲಿ ಹೆಲ್ಪ್ ಮಾಡ್ಬೇಕಾ? ಆ ಕಾರ್ನರ್ ಹೌಸ್. ಫೋರ್ ವೋಟ್ಸ್. ನಮ್ಮ ವಾಲಂಟಿಯರ್ಸ್ ಹೋದ್ರೆ ಬಾಗಿಲೇ ತೆಗೆಯಲ್ಲ" ಎಂದಳು.

ಮೂಲೆಮನೆ. ಪದ್ದಣ್ಣ ಅಭ್ಯಾಸಬಲದಿಂದ ಶೂ ಲೇಸಿಗೆ ಕೈ ಹಾಕಿದರು.

ಎರಡು ದಿನ ಅವರು ಮನೆಯೊಳಗೇ ಶತಪಥ ಹಾಕಿದರು. ಆ ಮನುಷ್ಯನ ಮುಂದೆ ಕೈಚಾಚುವುದಕ್ಕಿಂತ ಮಾತು ತಪ್ಪುವುದೇ ಮೇಲು ಎನ್ನಿಸುತ್ತಿತ್ತು. ಕಿಟಕಿಯಿಂದ ನೋಡಿದರೆ ಜಿಕ್ರಾ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುವುದು ಕಾಣುತ್ತಿತ್ತು, ಆಗ ಪರದೆ ಎಳೆದುಬಿಡುತ್ತಿದ್ದರು. ಬುಧವಾರ ಸಂಜೆ ಮೂಲೆಮನೆಯ ಡಬ್ಬಿ ಉರುಳಿದ ಸದ್ದಾಯಿತು. ಪದ್ದಣ್ಣ ಎದ್ದರು.

"ನಾನೂ ಬರ್ತೀನಿ ಇರಿ. ಒಬ್ರೇ ಹೋದ್ರೆ ಜಗಳ ಆಡ್ಕೊಂಡು ಬರ್ತೀರಿ" ಎಂದು ಜಲಜಮ್ಮ ಹಿತ್ತಲಿನ ಮರದ ನಿಂಬೆಹಣ್ಣುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಕಸದ ಡಬ್ಬಿಯ ಪಕ್ಕ ನಿಂತಿದ್ದ ಯೋಗಾನಂದ ಇವರು ರಸ್ತೆ ದಾಟುವುದನ್ನು ಕಂಡು ಯಾರೋ ತೀರಿಕೊಂಡಿರಬೇಕು ಎಂದುಕೊಂಡರು. "ಏನಾಯ್ತು ಪದ್ದಣ್ಣ? ಎಲ್ಲಾ ಕ್ಷೇಮ ತಾನೇ?" ಎಂದು ಗಾಬರಿಯಾಗಿ ಒಳಗೆ ಕರೆದರು. ಅವರ ಹೆಂಡತಿ ಭಾವನಾ ಕಾಫಿಗೆ ಇಟ್ಟರು.

"ಈ ನಿಂಬೆಹಣ್ಣು ವೋಟಿಗಲ್ಲ" ಎಂದು ಪದ್ದಣ್ಣ ಆರಂಭಿಸಿದರು. "ಕಾನೂನು ಪ್ರಕಾರ ಕೊಡೋ ಹಾಗಿಲ್ಲ. ಇದು ಸುಮ್ನೆ. ಒಂಬತ್ತು ವರ್ಷದ್ದು." ಆಮೇಲೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು: ಐಸ್‌ಕ್ರೀಮ್ ಗಾಡಿ, ಕೊಟ್ಟ ಮಾತು, ಬೀದಿ ನಡುವಿನ ಗೆರೆ. "ನನ್ನ ವೋಟು ಹಾಕಕ್ಕಾಗಲ್ಲ. ಅದರ ಬದಲು ನಿಮ್ಮದು ಕೇಳೋಕೆ ಬಂದೆ. ಕೇಳೋ ಮುಖ ನನಗಿಲ್ಲ."

ಯೋಗಾನಂದ ನಿಂಬೆಹಣ್ಣಿನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಯ್ಯೋ, ಅದಕ್ಕೆ ಇಷ್ಟು ಸಂಕೋಚನಾ? ಆ ಹುಡುಗೀನ ನಾವೂ ಚಿಕ್ಕವಳಿದ್ದಾಗಿಂದ ನೋಡಿಲ್ವಾ? ಬಾಗಿಲು ತಟ್ಟೋರೆಲ್ಲ ಸೋಲಾರ್ ಮಾರೋರು ಅಂದ್ಕೊಂಡು ತೆಗೀತಿರ್ಲಿಲ್ಲ, ಅಷ್ಟೇ. ನಮ್ಮಿಬ್ಬರದು, ಮಕ್ಕಳಿಬ್ಬರದು, ನಾಲ್ಕೂ ಅವಳಿಗೇ. ಅಲ್ದೆ, ನಿಮಗೋಸ್ಕರ ವೋಟು ಹಾಕೋದು ನನಗೇನು ಹೊಸದಲ್ಲ."

"ಅಂದ್ರೆ?"

"ಕೂಟದ ಎಲೆಕ್ಷನ್‌ನಲ್ಲಿ ನಾನು ನಿಮಗೇ ಹಾಕಿದ್ದು. ನನಗೆಲ್ಲಿ ಬೇಕಿತ್ತು ಅಧ್ಯಕ್ಷಗಿರಿ? ಬಲವಂತ ಮಾಡಿ ನಿಲ್ಲಿಸಿದ್ರು. ನನ್ನ ಹೆಸರಿಗೆ ನಾನೇ ಹಾಕ್ಕೊಳೋಕೆ ನಾಚಿಕೆ ಆಯ್ತು. ಆದ್ರೂ ಗೆದ್ದುಬಿಟ್ಟೆ, ನನ್ನ ಕರ್ಮ. ಎರಡು ವರ್ಷ ಹಾಲ್ ಬುಕ್ ಮಾಡೋದು, ಪುಳಿಯೋಗರೆ ಸಾಲ್ಲಿಲ್ಲ ಅಂತ ಬೈಸ್ಕೊಳೋದು."

ಪದ್ದಣ್ಣ ಕಾಫಿ ಲೋಟವನ್ನು ಕೆಳಗಿಟ್ಟರು. ಒಂಬತ್ತು ವರ್ಷ ಯಾರನ್ನು ನಾಚಿಕೆಗೆಟ್ಟವನು ಎಂದಿದ್ದರೋ, ಆ ಮನುಷ್ಯ ನಾಚಿಕೆಯಿಂದಲೇ ತಮಗೆ ವೋಟು ಹಾಕಿದ್ದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ತಪ್ಪಾಯ್ತು ಯೋಗಾನಂದ" ಎಂದರು. ಯೋಗಾನಂದ, ಅಯ್ಯೋ ಬಿಡಿ ಎಂದು ಅವರ ಕೈ ಹಿಡಿದುಕೊಂಡರು. ಜಲಜಮ್ಮ ಮಾತ್ರ ಇದ್ದಕ್ಕಿದ್ದಂತೆ ಎದ್ದು, ಭಾವನಾರ ಕರಿಬೇವಿನ ಗಿಡವನ್ನು ನೋಡಲೇಬೇಕು ಎಂದು ಹಿತ್ತಲಿಗೆ ನಡೆದರು.

ಮನೆಗೆ ಮರಳುವಾಗ ಪದ್ದಣ್ಣ ಬೆರಳು ಮಡಚುತ್ತಿದ್ದರು. "ಅವನೂ ನನಗೇ ಹಾಕಿದ್ದ ಅಂದ್ರೆ, ಕೈ ಕೊಟ್ಟೋರು ನಮ್ಮ ಕಡೆಯೋರೇ. ಯಾರಿರಬಹುದು ಜಲಜಾ?"

"ವೋಟು ಗುಟ್ಟಿನ ವಿಷಯ ಕಣ್ರೀ. ಕೆದಕಬಾರದು" ಎಂದು ಜಲಜಮ್ಮ ಮುಂದೆ ಮುಂದೆ ನಡೆದರು.

ಇಲ್ಲಿಯ ಮತ ಎಣಿಕೆ ಆಮೆ ನಡಿಗೆಯದು. ವಾರಗಟ್ಟಲೆ ಇವತ್ತು ಮುಂದೆ, ನಾಳೆ ಹಿಂದೆ. ಕೊನೆಗೊಂದು ಸಂಜೆ ಜಿಕ್ರಾ ಗೆದ್ದಳೆಂದು ಖಚಿತವಾಯಿತು. ಅಂತರ ಕೆಲವೇ ನೂರು. ಆ ಅಂತರದಲ್ಲಿ ಮೂಲೆಮನೆಯ ನಾಲ್ಕು ತಾವು ತಂದದ್ದು ಎಂದು ಪದ್ದಣ್ಣ ಹಿಗ್ಗಿದರು. ಆ ಭಾನುವಾರ ಅವರ ಮನೆಯಲ್ಲಿ ಎಲ್ಲರಿಗೂ ಊಟ. ಮುನಾವರ್, ಅವರ ಹೆಂಡತಿ ಫರೀದಾ, ಜಿಕ್ರಾ, ಯೋಗಾನಂದ, ಭಾವನಾ. ಜಲಜಮ್ಮ ಬಿಸಿಬಿಸಿ ಒಬ್ಬಟ್ಟು ಬಡಿಸಿಕೊಂಡು ಬಂದರು.

"ಅಕ್ಕಾರ, ಇಷ್ಟ್ ಯಾಕ ತ್ರಾಸ್ ತಗೊಂಡ್ರಿ?" ಎಂದರು ಫರೀದಾ.

"ತ್ರಾಸೇನು ಬಂತು ಫರೀದಾ? ಹಬ್ಬ ಬಿಟ್ರೆ ಮನಸ್ಸಿಗೆ ತುಂಬಾ ಖುಷಿ ಆದ ದಿನ ಮಾತ್ರ ನಾನು ಒಬ್ಬಟ್ಟು ಮಾಡೋದು. ಇಲ್ದಿದ್ರೆ ಹಿಟ್ಟೇ ಕಲಸೋಲ್ಲ."

ಪದ್ದಣ್ಣನ ಕೈಯಲ್ಲಿದ್ದ ತುತ್ತು ಬಾಯಿಯವರೆಗೆ ಹೋಗಿ ನಿಂತಿತು. ಅವರು ನಿಧಾನವಾಗಿ ತಲೆಯೆತ್ತಿದರು.

"ಜಲಜಾ, ಕೂಟದ ಎಲೆಕ್ಷನ್ ಸೋತ ರಾತ್ರಿ ಒಬ್ಬಟ್ಟು ಮಾಡಿದ್ದೆ."

ಜಲಜಮ್ಮನ ಮುಖ ಕೆಂಪಾಯಿತು. ಆಮೇಲೆ ಅವರು ತುಪ್ಪದ ಮಿಳ್ಳೆಯನ್ನು ಮೇಜಿನ ಮೇಲೆ ಕುಕ್ಕಿದರು.

"ಹೌದು, ನಾನೇ ಹಾಕಿದ್ದು ಯೋಗಾನಂದ ಅವರಿಗೆ! ಇಡೀ ಆಯುಷ್ಯ ಕಂಪನಿ ಕಂಪನಿ ಅಂತ ಓಡಿದ್ರಿ. ರಿಟೈರ್ ಆಗಿ ಎರಡು ತಿಂಗಳು ಆಗಿರ್ಲಿಲ್ಲ, ಕೂಟ ಅಂತ ಹೊರಟ್ರಿ. ನಾನೂ ಒಬ್ಬಳು ಇದೀನಲ್ಲ ಮನೇಲಿ? ನನ್ನ ಜೊತೆ ಕೂತು ಕಾಫಿ ಕುಡಿಯೋರು ನನಗೂ ಬೇಕಿತ್ತು."

ಪದ್ದಣ್ಣ ಹೆಂಡತಿಯನ್ನೇ ನೋಡಿದರು. ಈ ಒಂಬತ್ತು ವರ್ಷ ಪ್ರತಿ ಸಂಜೆ ಇಬ್ಬರೂ ಹಿತ್ತಲಿನ ನಿಂಬೆಮರದ ಕೆಳಗೆ ಕುಳಿತು ಕಾಫಿ ಕುಡಿದಿದ್ದರು. ಅಲ್ಲಿ ಕುಳಿತೇ ಅವರು ದಿನವೂ ಯೋಗಾನಂದರನ್ನು ಬೈದಿದ್ದರು, ಜಲಜಮ್ಮ ದಿನವೂ ಕೇಳಿಸಿಕೊಂಡಿದ್ದರು.

ಪದ್ದಣ್ಣ ತಟ್ಟೆಯನ್ನು ಮುಂದೆ ಚಾಚಿದರು.

"ಇನ್ನೊಂದು ಹಾಕು. ಆವತ್ತು ಗೆದ್ದಿದ್ದು ನಾನೇ ಅಂತ ಗೊತ್ತಿರ್ಲಿಲ್ಲ."