ಮೊದಲ ಗುಟುಕು

ನನ್ನ ಗಂಡ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಜಾಬರ್ ಆಗಿದ್ದರು. ಕೆಟ್ಟು ನಿಂತ ಪವರ್‌ಲೂಮುಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಒಂದು ಮುಂಜಾನೆ ಮಗ್ಗದ ಬದಿಗೆ ಬಗ್ಗಿದವರು ಮೇಲೇಳಲಿಲ್ಲ, ಲಕ್ವ ಹೊಡೆದಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು, ನುಂಗುವ ಶಕ್ತಿ ಎಲ್ಲ ಹೋದವು. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯೊಂದಿಗೆ ಅವರನ್ನು ಮನೆಗೆ ಕರೆತಂದೆ.

ಕೆಲವು ವಾರಗಳ ಮೇಲೆ ಡಾಕ್ಟರು ಬಾಯಿಂದ ಗಟ್ಟಿ ಗಂಜಿ ಕೊಟ್ಟು ನೋಡಲು ಹೇಳಿದರು. ನೆಟ್ಟಗೆ ಕೂಡಿಸಬೇಕು, ಗದ್ದ ಎದೆಗೆ ತಾಗಿಸಬೇಕು, ಒಂದೊಂದು ಗುಟುಕಿಗೂ ಕಾಯಬೇಕು. ಶ್ವಾಸನಾಳಕ್ಕೆ ಇಳಿದರೆ ಅಪಾಯ. ಮೊದಲ ದಿನವೇ ಗಂಜಿ ಗಂಟಲಲ್ಲಿ ಸಿಕ್ಕಿತು. ಅವರ ಮುಖ ಕಪ್ಪಿಟ್ಟಿತು. ನನ್ನ ಚೀರಾಟ ಕೇಳಿ ಪಕ್ಕದ ಮನೆಯಾಕೆ ಓಡಿಬಂದು ಬೆನ್ನಿಗೆ ಗುದ್ದಿದಳು, ಉಸಿರು ತಿರುಗಿತು. ಅಂದಿನಿಂದ ನಾನು ಚಮಚ ಮುಟ್ಟಲಿಲ್ಲ. ಮತ್ತೆ ನಳಿಕೆಯೇ ಗತಿಯಾಯಿತು.

ಅವರ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ನಳಿಕೆಯಲ್ಲಿ ಹಾಲು ಬಿಡುವುದು, ನಡುವೆ ಮಗ್ಗದವರಿಗೆ ಕಾಂಡಿ ಎಂಬ ಉರುಳೆಗೆ ನೂಲು ಸುತ್ತಿಕೊಡುವುದು. ನಮ್ಮ ಓಣಿಯಲ್ಲಿ ಯೇಸುವನ್ನು ನಂಬುವ ಮನೆ ನಮ್ಮದೊಂದೇ. ಚರ್ಚಿನವರು ನೋಡಲು ಬಂದರೆ ಹೊಸ್ತಿಲಲ್ಲೇ ನಿಂತು, "ಆರಾಮ ಅದಾರ್ರೀ, ದೇವರ ದಯಾ" ಎಂದು ಹೇಳಿ ಕಳಿಸುತ್ತಿದ್ದೆ. ದಣಿದಿದ್ದೇನೆ ಎಂದರೆ ನಂಬಿಕೆ ಇಲ್ಲದವಳು ಎಂದುಕೊಂಡಾರು ಎಂಬ ಅಂಜಿಕೆ. ಪ್ರಾರ್ಥನೆಗೆ ಕುಳಿತರೆ ಒಂದು ಮಾತೂ ಹೊರಡುತ್ತಿರಲಿಲ್ಲ.

ಒಂದು ಸಂಜೆ ನಾನು ಚಹಾ ಕುಡಿಯುವುದನ್ನೇ ನೋಡುತ್ತಿದ್ದವರು ಎಡಗೈಯಿಂದ ನಳಿಕೆ ಕಿತ್ತೆಸೆದರು. ಕಣ್ಣಲ್ಲಿ ಬೆಂಕಿಯಂಥ ಸಿಟ್ಟು. ಬಾಡಿಗೆ ಗಾಡಿ ಮಾಡಿಕೊಂಡು ಮತ್ತೆ ಕೊಲ್ಹಾಪುರಕ್ಕೆ ಹೋದೆವು. ಹೊಸ ನಳಿಕೆ ಹಾಕಿದ ಡಾಕ್ಟರು, ಒಂದು ವಾರ ಬಾಯಿಂದ ಕೊಟ್ಟು ನೋಡಿ, ಆಗದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಕೆ ಹಾಕಬೇಕಾಗುತ್ತದೆ ಎಂದರು.

ಮನೆಗೆ ಬಂದಾಗ ಗಡಹಿಂಗ್ಲಜದಿಂದ ಮಾವಶಿಯ ಫೋನ್ ಬಂತು. ಅವಳು ನನ್ನ ಅವ್ವನ ತಂಗಿ. ಹಾಸಿಗೆ ಹಿಡಿದ ತನ್ನ ಗಂಡನನ್ನು ಕೊನೆಯವರೆಗೂ ನೋಡಿಕೊಂಡವಳು. ಫೋನ್ ಎತ್ತಿದರೂ ನನಗೆ ಮಾತು ಹೊರಡಲಿಲ್ಲ.

"ಮಾತಾಡಬ್ಯಾಡ. ನಾ ಬರಾಕತ್ತೇನಿ," ಎಂದಳು.

ಮರುದಿನ ಎಸ್.ಟಿ. ಬಸ್ಸಿನಲ್ಲಿ ಬಂದವಳು ಚೀಲ ಇಳಿಸಿ ನನ್ನ ಮುಖ ನೋಡಿದಳು.

"ಯಾರಿಗೆ ಹೇಳಿದಿ ಇದನ್ನೆಲ್ಲಾ?"

"ಏನಂತ ಹೇಳ್ಲಿ ಮಾವಶಿ? ನಂಬಿಕಿ ಇದ್ದಾಕಿ ಹಿಂಗ ಸೋಲಬಾರದು."

"ಹಂಗಂತ ಯಾರ ಅಂದಾರ? ಸಾಯೂ ಮುಂಚಿ ರಾತ್ರಿ ಯೇಸು ತನ್ನ ಮಂದೀನ್ನ ಕೇಳ್ಕೊಂಡ, ನನ್ನ ಜೋಡಿ ಎಚ್ಚರ ಇರ್ರಿ ಅಂತ. ಅವನೇ ಕೇಳಿದ. ನೀ ಅವನಕಿಂತ ಗಟ್ಟಿ ಏನ?"

ನಾನು ಅಲ್ಲೇ ಕುಸಿದು ಕುಳಿತು ಅತ್ತೆ. ಮಾವಶಿ ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಅವರ ಕೈ ಹಿಡಿದು ಪ್ರಾರ್ಥಿಸಿದಳು. "ಸ್ವಾಮಿ, ಈಕಿ ದಣದಾಳ. ಅಳಿಯಾಗ ಸಿಟ್ಟ ಬಂದೈತಿ. ನಾವು ಅಂಜೇವಿ. ನೀ ಇಲ್ಲೇ ನಮ್ಮ ಜೋಡಿ ಕುಂಡ್ರು." ಅಷ್ಟೇ. ನನ್ನ ಗಂಡ ಅವಳ ಕೈ ಬಿಡಲಿಲ್ಲ.

ಮರುದಿನ ಮುಂಜಾನೆ ರವೆಯ ಗಂಜಿ ಕಾಸಿದೆ. ದಿಂಬುಗಳ ಆಸರೆಯಲ್ಲಿ ಅವರನ್ನು ಕೂಡಿಸಿ ಮಾವಶಿ ಹಿಂದಿನಿಂದ ಭುಜ ಹಿಡಿದಳು. ಗೋಡೆಯಾಚೆ ಮಗ್ಗಗಳ ಸದ್ದು. ಅವರು ನುಂಗಿದ್ದು ಕೇಳಿಸುವಂತಿರಲಿಲ್ಲ. ಅದಕ್ಕೇ ಗಂಟಲ ಗಂಟಿನ ಮೇಲೆ ಬೆರಳಿಟ್ಟೆ. ಅರ್ಧ ಚಮಚ ಬಾಯಿಗೆ ಹಾಕಿದೆ. ಗಂಟು ಅಲುಗಲಿಲ್ಲ. ಗಂಜಿ ಬಾಯಲ್ಲೇ ಉಳಿದಿತ್ತು. ಅವರ ಕಣ್ಣು ನನ್ನ ಮೇಲೆಯೇ ಇತ್ತು.

"ತೆಗದಬಿಡಲೇನು?"

"ತಡಿ. ವ್ಯಾಳ್ಯಾ ಕೊಡು."

ಬೆರಳ ಕೆಳಗೆ ಗಂಟು ಮೇಲೇರಿ ಇಳಿಯಿತು. ಮರುಕ್ಷಣವೇ ಕೆಮ್ಮು. ಮುಖ ಕೆಂಪೇರಿತು. ಪಕ್ಕದ ಮನೆಯಾಕೆಯನ್ನು ಕರೆಯಲು ನಾನು ಎದ್ದು ಬಾಗಿಲ ಕಡೆ ತಿರುಗಿದೆ.

"ಎಲ್ಲಿ ಹೊಂಟಿ? ಕೆಮ್ಮಲಿ. ಕೆಮ್ಮಾಕತ್ತಾರಂದ್ರ ಉಸಿರ ಐತಿ," ಎಂದಳು ಮಾವಶಿ.

ಕೆಮ್ಮು ನಿಂತಿತು. ಡಾಕ್ಟರು ಹೇಳಿಕೊಟ್ಟಂತೆ "ಆ" ಅನ್ನಿ ಎಂದೆ. ಗಂಟಲಲ್ಲಿ ಏನಾದರೂ ನಿಂತಿದ್ದರೆ ದನಿ ಗೊರಗೊರ ಎನ್ನುತ್ತದೆ. "ಆ" ಎಂದರು. ದನಿ ಒಡೆದಿತ್ತು, ಆದರೆ ಸ್ವಚ್ಛವಾಗಿತ್ತು. ನಾನು ಇನ್ನೂ ಕಿವಿಗೊಟ್ಟು ಕುಳಿತಿರುವಾಗಲೇ ಅವರು ತಾವಾಗಿ ಬಾಯಿ ತೆರೆದರು.

ಮಾವಶಿ ಭಾನುವಾರದವರೆಗೆ ಉಳಿದಳು. ಅಂದು ನನ್ನ ಗಂಡನ ಹತ್ತಿರ ಪಕ್ಕದ ಮನೆಯಾಕೆಯನ್ನು ಕೂಡಿಸಿ ನನ್ನನ್ನು ಚರ್ಚಿಗೆ ಕರೆದೊಯ್ದಳು. ಎಲ್ಲರೆದುರು ಎದ್ದುನಿಂತು, "ನಾ ದಣದೇನ್ರಿ, ಒಬ್ಬಾಕಿ ಕಡಿಂದ ಆಗೂದಿಲ್ಲ" ಎಂದೆ. ಯಾರೂ ಉಪದೇಶ ಹೇಳಲಿಲ್ಲ. ಮರುದಿನದಿಂದ ಮುಂಜಾನೆ ಅವರ ಭುಜ ಹಿಡಿದು ಕೂರಲು ಚರ್ಚಿನವರಲ್ಲಿ ಯಾರಾದರೊಬ್ಬರು ಬರತೊಡಗಿದರು.

ಕೊಲ್ಹಾಪುರದಲ್ಲಿ ನಳಿಕೆ ತೆಗೆಯುವ ಹೊತ್ತಿಗೆ ಮಾವಿನ ಹಣ್ಣಿನ ಕಾಲ ಬಂದಿತ್ತು. ಹೊಟ್ಟೆಗೆ ತೂತು ಮಾಡುವ ಪ್ರಸಂಗ ಬರಲಿಲ್ಲ. ಬಲಗೈ ಹಾಗೇ ಇದೆ. ಮಾತು ನಾಲ್ಕಾರು ಬಂದಿವೆ. ಈಗಲೂ ಒಮ್ಮೊಮ್ಮೆ ಊಟದ ನಡುವೆ ಕೆಮ್ಮು ಬಂದರೆ ಅಂಜಿಕೆಯಾಗುತ್ತದೆ. ಆದರೆ ಎದ್ದು ಓಡುವುದಿಲ್ಲ. ಬೆನ್ನ ಮೇಲೆ ಕೈಯಿಟ್ಟು, ಸ್ವಾಮಿ, ಇಲ್ಲೇ ಇರು, ಎನ್ನುತ್ತ ಕಾಯುತ್ತೇನೆ.

ಮಾವಶಿ ಫೋನ್ ಮಾಡಿದಾಗ ಆರಾಮವೇ ಎಂದು ಕೇಳುವುದಿಲ್ಲ. "ಇವತ್ತ ನಿನ್ನ ಜೋಡಿ ಯಾರ ಕುಂತಿದ್ರು?" ಎಂದು ಕೇಳುತ್ತಾಳೆ.