ಹುಣಸೆಮರದ ಗೂಬೆ

ನನಗೊಂದು ಚಟ. ಬೀಡಿ ಸಿಗರೇಟಿನದಲ್ಲ. ಒಳ್ಳೆಯ ವೆಬ್‌ಸೈಟು ಕಣ್ಣಿಗೆ ಬಿದ್ದರೆ ನಾಲ್ಕು ಜನಕ್ಕೆ ಕಳಿಸದೆ ಇರಲಾರೆ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ನಮ್ಮ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ದಿನಾ ಬೆಳಗ್ಗೆ ಒಂದು ಲಿಂಕ್ ಹೋಗಲೇಬೇಕು. ಹಳೇ ಫಾಂಟಿನ ಪ್ರಶ್ನೆಪತ್ರಿಕೆಯನ್ನು ಯೂನಿಕೋಡಿಗೆ ತಿರುಗಿಸುವ ತಾಣ, ದಪ್ಪನೆಯ ಪಿಡಿಎಫ್ ಸಣ್ಣ ಮಾಡಿಕೊಡುವ ತಾಣ, ನೆತ್ತಿಯ ಮೇಲೆ ಹೋಗುತ್ತಿರುವ ವಿಮಾನ ಎಲ್ಲಿಂದ ಹೊರಟದ್ದು ಎಂದು ಹೇಳುವ ತಾಣ. "ಸಾ, ಇವತ್ತಿಂದು ಇನ್ನೂ ಬಂದಿಲ್ವಲ್ಲ, ಉಷಾರಾಗಿದೀರಾ?" ಎಂದು ಪಿ.ಟಿ. ಮೇಷ್ಟ್ರು ಕಾಲೆಳೆಯುತ್ತಿದ್ದರು. ಎಳೆಯಲಿ ಬಿಡಿ. ಅವರು ಹಂಚುವ ಸರ್ಟಿಫಿಕೇಟುಗಳೆಲ್ಲ ತಯಾರಾಗುವುದು ನಾನು ಕಳಿಸಿದ ಸೈಟಿನಲ್ಲೇ.

ಯಾರಿಗೂ ಕಳಿಸದೆ ಉಳಿಸಿಕೊಂಡದ್ದು ಒಂದೇ. ಹಕ್ಕಿಯ ಕೂಗು ಕೇಳಿಸಿದರೆ ಅದು ಯಾವ ಹಕ್ಕಿ ಎಂದು ಹೇಳುವ ತಾಣ.

ನಮ್ಮ ಮನೆ ಹಳ್ಳಿಮೈಸೂರಿನ ಹತ್ತಿರ. ನಾನು, ಹೆಂಡತಿ, ಪುಟ್ಟ ಮಗಳು, ಮತ್ತು ಅಕ್ಕ. ನಾನು ಚಿಕ್ಕವನಿದ್ದಾಗಲೇ ಅವ್ವ ತೀರಿಕೊಂಡಳು. ನನ್ನನ್ನು ಸಾಕುತ್ತ ಅಕ್ಕ ಮದುವೆಯನ್ನೇ ಆಗದೆ ಉಳಿದುಬಿಟ್ಟಳು. ಹಿತ್ತಿಲ ಕೊಟ್ಟಿಗೆಯಲ್ಲಿ ಒಂದು ಹಸು ಇತ್ತು. ಅಕ್ಕನನ್ನು ಬಿಟ್ಟು ಬೇರೆ ಯಾರು ಕೆಚ್ಚಲಿಗೆ ಕೈ ಹಾಕಿದರೂ ಒದೆಯುತ್ತಿತ್ತು. ನನಗೂ ಬಿದ್ದಿದೆ.

ಆ ವರ್ಷ ಚಳಿ ಶುರುವಾದಾಗ, ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಿನಿಂದ ಒಂದು ದನಿ ಬರತೊಡಗಿತು. ಊಂ... ಎಂದು ಎಳೆಯುವುದು, ನಡುವೆ ಮುರಿಯುವುದು, ಮತ್ತೆ ಊಂ... ಎನ್ನುವುದು. ಕೊಟ್ಟಿಗೆಯ ಮೇಲೆ ಬಾಗಿಕೊಂಡ ಹುಣಸೆಮರದ ಕಡೆಯಿಂದ ಬರುತ್ತಿತ್ತು. ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಹಾಲು ಕರೆಯಲು ಹೋದ ಅಕ್ಕ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು: "ಗೂಬೆ ಕೂಗ್ತೈತೆ, ಯಾರೂ ಈಚೆಗೆ ಬರಬ್ಯಾಡ್ರೋ!"

ಮನೆಯ ಹತ್ತಿರ ಗೂಬೆ ಕೂಗಿದರೆ ಆ ಮನೆಯಲ್ಲಿ ಒಬ್ಬರು ಹೋಗುತ್ತಾರೆ ಎಂದು ನಮ್ಮ ಕಡೆ ನಂಬುತ್ತಾರೆ. ಅದೇ ವಾರ ಮಗಳಿಗೆ ಜ್ವರ ಬಂತು. ಕೇಳಬೇಕೆ! "ಯಾರನ್ನ ಕರೀತೈತೆ ಅದು? ನನ್ ಮಗೀನಾ?" ಎಂದು ಹೆಂಡತಿ ಅಳಲು ಶುರುಮಾಡಿದಳು. "ಅದು ನಿಲ್ಲೋಗಂಟ ನಾನಿಲ್ಲಿ ಇರಾಕಿಲ್ಲ. ಮಗೀನ ಕರ್ಕಂಡು ಚನ್ನರಾಯಪಟ್ಟಣಕ್ಕೆ ಓಯ್ತೀನಿ." ಅವಳ ತವರು ಅಲ್ಲಿ.

ನನಗೆ ಸಿಟ್ಟು ನೆತ್ತಿಗೇರಿತು. ವಿಜ್ಞಾನ ಹೇಳಿಕೊಡುವವನ ಮನೆಯಲ್ಲೇ ಈ ಗೋಳೇ? ಆ ಹಕ್ಕಿಯ ಹೆಸರು, ಚಿತ್ರ, ಅದು ತಿನ್ನುವ ಇಲಿ-ಹೆಗ್ಗಣ ಎಲ್ಲ ತೋರಿಸಿಬಿಟ್ಟರೆ ಇವಳ ಭಯ ಇಳಿಯುತ್ತದೆ ಎಂದುಕೊಂಡೆ. ಸಂಜೆ ಕಿಟಕಿಯ ಬಳಿ ಫೋನು ಹಿಡಿದು ದನಿಯನ್ನು ರೆಕಾರ್ಡ್ ಮಾಡಿ ತಾಣಕ್ಕೆ ಹಾಕಿದೆ.

ಇಂಗ್ಲಿಷಿನಲ್ಲಿ ಒಂದೇ ಪದ ಬಂತು. ಮನುಷ್ಯ.

ಹೆಂಡತಿಯ ಗೊಣಗಾಟ ಸೇರಿಕೊಂಡಿದೆ ಎಂದು ನಕ್ಕೆ. ಮಾರನೇ ದಿನ ತಾಯಿ-ಮಗಳನ್ನು ಮುಂದಿನ ಜಗುಲಿಗೆ ಅಟ್ಟಿ, ಟಿವಿ ಆರಿಸಿ, ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿದೆ. ಬೇಡದ ಸದ್ದನ್ನೆಲ್ಲ ಕತ್ತರಿಸಿ ಆ ದನಿಯನ್ನಷ್ಟೇ ಹಾಕಿದೆ. ಮನುಷ್ಯ. ಕಿಟಕಿಯಿಂದ ನೋಡಿದರೆ ಹುಣಸೆಮರ ಕಪ್ಪಗೆ ನಿಂತಿತ್ತು, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಅದರ ಮಾರನೇ ಸಂಜೆ ದನಿ ಎದ್ದದ್ದೇ ತಡ, ಓಡಿಹೋಗಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದೆ. ಅಕ್ಕ ಹೊರಗಿದ್ದಾಳೆಂಬುದು ನೆನಪಾದದ್ದು ಅವಳು ಬಾಗಿಲು ಬಡಿದಾಗಲೇ.

"ಯಾಕ್ಲಾ ಇಂಗೆ ಬೆವತೋಗಿದೀಯ?" ಎಂದಳು, ಸೆರಗಿನಿಂದ ತನ್ನ ಮುಖ ಒರೆಸಿಕೊಳ್ಳುತ್ತ.

"ನಿಂಗೆ ಭಯ ಆಗಲ್ವಾ ಅಕ್ಕ, ಅದರ ಬುಡದಲ್ಲೇ ಕೂತಿರ್ತೀಯ?"

"ಅದರ ಪಾಡಿಗೆ ಅದು, ನನ್ ಪಾಡಿಗೆ ನಾನು," ಎಂದು ಹಾಲಿನ ಚೊಂಬು ಹಿಡಿದು ಒಳಗೆ ಹೋದಳು.

ಹೆಂಡತಿಗೆ ಏನೂ ಹೇಳಲಿಲ್ಲ. ಅವಳು ಆಗಲೇ ಬಟ್ಟೆ ಜೋಡಿಸುತ್ತಿದ್ದಳು. ಮನುಷ್ಯನೋ, ಮನುಷ್ಯನಾಗಿದ್ದದ್ದೋ, ಯಾವುದೆಂದು ತಿಳಿಯದೆ ಅವರನ್ನು ಬಸ್ಸು ಹತ್ತಿಸಲು ಮನಸ್ಸಾಗಲಿಲ್ಲ. ಮರುದಿನ ಸಂಜೆಗೆ ಮುಂಚೆ ಕೊಟ್ಟಿಗೆಗೆ ಹೋಗಿ, ರೆಕಾರ್ಡಿಂಗ್ ಒತ್ತಿ, ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಬಂದೆ. ಹಾಲು ಕರೆದು ಎಲ್ಲ ಮುಗಿದ ಮೇಲೆ ಹೋಗಿ ತಂದು, ಬಾಗಿಲು ಹಾಕಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಹೆಜ್ಜೆಯ ಸದ್ದು. ಚೊಂಬು ಕೆಳಗಿಟ್ಟ ಸದ್ದು. ಹಸು ಒಮ್ಮೆ ಉಸಿರುಬಿಟ್ಟಿತು. ಆಮೇಲೆ ಆ ದನಿ ಬಂತು. ಮರದ ಮೇಲಿನಿಂದಲ್ಲ, ನನ್ನ ಕಿವಿಯೊಳಗೇ ಬಾಯಿಟ್ಟ ಹಾಗೆ, ಅಷ್ಟು ಹತ್ತಿರದಿಂದ. ಊಂ... ಊಂ... ನಡುವೆ ಒಂದು "ಅವ್ವಾ". ಹಲ್ಲು ಕಚ್ಚಿದ ಸದ್ದು ಕೂಡ ಕೇಳಿಸುತ್ತಿತ್ತು. "ಆಯ್ತು ಕಣವ್ವ, ಮುಗೀತು, ಎದ್ರುಕೋಬ್ಯಾಡ," ಎಂದು ಹಸುವಿಗೆ ಸಮಾಧಾನ ಹೇಳಿತು. ಗಂಟಲು ಸರಿಮಾಡಿಕೊಂಡಿತು. ಆಮೇಲೆ ಗಟ್ಟಿಯಾಗಿ, ಮನೆಯ ಕಡೆಗೆ ತಿರುಗಿ: "ಗೂಬೆ ಕೂಗ್ತೈತೆ, ಯಾರೂ ಈಚೆಗೆ ಬರಬ್ಯಾಡ್ರೋ!"

ಬೆಳಗಾಗುತ್ತಲೇ ಅಕ್ಕನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಟ್ಟೆಯಲ್ಲಿ ಗಡ್ಡೆ. ಬಹಳ ಬೆಳೆದುಬಿಟ್ಟಿದೆ ಎಂದರು ಡಾಕ್ಟರು. ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳನ್ನು ಬಾಯಿಗೆ ಬಂದಂತೆ ಬೈದೆ. ಹಗಲೆಲ್ಲ ನುಂಗಿಕೊಂಡಿದ್ದು ಸಂಜೆ ಹೋಗಿ ಹಸುವಿನ ಮುಂದೆ ನರಳುವುದೇ? ಮನೆಯಲ್ಲಿ ನಾವೆಲ್ಲ ಸತ್ತುಹೋಗಿದ್ದೆವೇ? ಅಕ್ಕ ಬೈಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅವ್ವನೂ ಇಂಗೇ ನರಳ್ತಿದ್ಲು ಕಣ್ಲಾ. ನೀನು ಮೂಲೇಲಿ ಕಿವಿ ಮುಚ್ಕಂಡು ಕುಂತು ಅಳ್ತಿದ್ದೆ. ನಿನ್ ಮಗೀಗೂ ಅದ್ಯಾಕೆ ಅಂತ. ಗೂಬೆ ಅಂದ್ರೆ ಮಕ್ಳು ಎದುರ್ಕೋತವೆ ಅಷ್ಟೇಯ. ಅಳಾಕಿಲ್ಲ."

ಯುಗಾದಿಯ ಹೊತ್ತಿಗೆ ಅಕ್ಕ ಇರಲಿಲ್ಲ. ಮಗಳ ಜ್ವರ ಯಾವಾಗಲೋ ಬಿಟ್ಟಿತ್ತು. ಹೆಂಡತಿ ಚನ್ನರಾಯಪಟ್ಟಣಕ್ಕೆ ಹೋಗಲಿಲ್ಲ. ಕೊನೆಯವರೆಗೂ ಅಕ್ಕನ ಸೇವೆ ಮಾಡಿದವಳು ಅವಳೇ. ಹಸು ಈಗ ಅವಳನ್ನು ಒದೆಯುವುದಿಲ್ಲ.

ಮೊನ್ನೆ ಸಂಜೆ ಅವಳು ದೇವರಿಗೆ ದೀಪ ಹಚ್ಚುತ್ತಿದ್ದಳು. ಹುಣಸೆಮರದ ಕಡೆಯಿಂದ ದನಿ ಬಂತು. ಊಂ... ಎಂದು ಎಳೆದು, ನಡುವೆ ಮುರಿದು, ಮತ್ತೆ ಊಂ... ಅವಳ ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳಿನವರೆಗೂ ಉರಿದು ಆರಿತು. ಫೋನನ್ನು ಕಿಟಕಿಯಾಚೆ ಚಾಚಿ ರೆಕಾರ್ಡ್ ಮಾಡಿ ತಾಣಕ್ಕೆ ಹಾಕಿದೆ. ಅವಳು ಬಂದು ನನ್ನ ಭುಜಕ್ಕೆ ಅಂಟಿಕೊಂಡು ನಿಂತು ಸ್ಕ್ರೀನನ್ನೇ ನೋಡುತ್ತಿದ್ದಳು.

ಗೂಬೆ ಎಂದು ಬಂತು. ಜೊತೆಗೆ ಅದರ ಚಿತ್ರ, ದುಂಡು ಕಣ್ಣು.

"ಇನ್ನೊಂದ್ ಸಲ ಹಾಕಿ ನೋಡ್ರೀ," ಎಂದಳು ಹೆಂಡತಿ.

ಹಾಕಿದೆ. ಆಗಲೂ ಗೂಬೆ ಎಂದೇ ಬಂತು.